ತೂಕದಲ್ಲಿ ಗೆದ್ದ ಕಂಬಳಿ

"ಗುರುಗಳೇ, ಒಂದು ಪರೀಕ್ಷೆಯನ್ನು ಮೂರು ಸಲ ಮಾಡಿದರೂ ಅದೇ ಫಲಿತಾಂಶ ಬಂದರೆ, ಅದನ್ನು ನಿಜವೆಂದು ಬರೆಯಬಹುದಲ್ಲವೇ?" ಎಂದು ಶಿಷ್ಯ ಕೇಳಿದ.

ಅವನ ಕೈಯಲ್ಲಿ ಒಂದು ಪಟ್ಟಿ ಇತ್ತು. ಇಟ್ಟಿಗೆ ಭಟ್ಟಿಗಳಲ್ಲಿ ದುಡಿಯುವವರ ಅರವತ್ತಮೂರು ಮಕ್ಕಳ ಹೆಸರುಗಳು ಅದರಲ್ಲಿದ್ದವು. ಅವರ ಬುದ್ಧಿಮಟ್ಟವನ್ನು ಅಳೆಯಲು ಶಿಷ್ಯ ನಲವತ್ತು ಪ್ರಶ್ನೆಗಳ ಪತ್ರಿಕೆ ಮಾಡಿದ್ದ. ಹದಿನೈದು ದಿನಕ್ಕೊಮ್ಮೆಯಂತೆ ಮೂರು ಸಲ ಕೇಳಿದ್ದ. ಪ್ರತಿ ಸಲವೂ ಬೇರೆ ಬೇರೆಯವರು ಅಂಕ ಹಾಕಿದ್ದರು. ಅಂಕಗಳು ಮಾತ್ರ ಹೆಚ್ಚುಕಡಿಮೆ ಒಂದೇ ಇದ್ದವು. ಐವತ್ತೆಂಟು ಮಕ್ಕಳು ಕನಿಷ್ಠ ಅಂಕದ ಗೆರೆಯ ಕೆಳಗೆ ಬಿದ್ದಿದ್ದರು. ಪಟ್ಟಿಗೆ ಸಹಿ ಬಿದ್ದರೆ ಅವರ ಹೆಸರಿನ ಮುಂದೆ 'ಮಂದಬುದ್ಧಿ' ಎಂದು ಸೇರುತ್ತಿತ್ತು. ಆಮೇಲೆ ಯಾವ ವಸತಿ ಶಾಲೆಯೂ ಅವರನ್ನು ಸೇರಿಸಿಕೊಳ್ಳುತ್ತಿರಲಿಲ್ಲ.

"ನಿನ್ನ ಪ್ರಶ್ನೆಗಳಲ್ಲಿ ಒಂದನ್ನು ಹೇಳು" ಎಂದರು ಗುರು.

"ಮನೆಯಲ್ಲಿ ನೀನೊಬ್ಬನೇ ಇದ್ದಾಗ ಯಾರೋ ಕರೆಗಂಟೆ ಒತ್ತಿದರೆ ಏನು ಮಾಡುತ್ತೀ?"

"ಮಕ್ಕಳು ಏನೆಂದರು?"

"ಸುಮ್ಮನೆ ನಿಂತರು. ಮೂರು ಸಲವೂ ಸುಮ್ಮನೆ ನಿಂತರು. ಅದನ್ನೇ ಹೇಳುತ್ತಿದ್ದೇನೆ, ಒಂದಿಷ್ಟೂ ಏರುಪೇರಿಲ್ಲ."

"ಅವರ ಮನೆಗೆ ಬಾಗಿಲಿದೆಯೋ?"

"ತಗಡು ಒರಗಿಸಿಕೊಳ್ಳುತ್ತಾರೆ."

ಗುರು ಪಕ್ಕದ ಚಾಪೆಯನ್ನು ಅವನ ಕಡೆಗೆ ಸರಿಸಿದರು.

"ಪಟ್ಟಿಯನ್ನು ಕೆಳಗಿಡು. ಕೂತುಕೋ. ಒಂದು ಕತೆ ಇದೆ. ಸಮಾಧಾನವಾಗಿ ಹೇಳಲು ನನ್ನಿಂದ ಆಗದು. ಆದರೂ ಹೇಳುತ್ತೇನೆ."

ಕಂಬಳಿ ನೇಯುವವರ ಒಂದು ಊರಿತ್ತು. ಸುತ್ತಲಿನ ಬಯಲಿನ ಕುರಿಗಾಹಿಗಳೆಲ್ಲ ಅಲ್ಲಿಂದಲೇ ಕಂಬಳಿ ಕೊಳ್ಳುತ್ತಿದ್ದರು. ಕುರಿಗಾಹಿಗೆ ಕಂಬಳಿಯೆಂದರೆ ಹೊದಿಕೆಯಷ್ಟೇ ಆಗಿರಲಿಲ್ಲ. ಮಳೆಗಾಲದ ನಾಲ್ಕು ತಿಂಗಳು ಅವನು ಮಂದೆಯ ಹಿಂದೆ ಬಯಲಲ್ಲೇ ಇರುತ್ತಿದ್ದ. ಆಗ ಕಂಬಳಿಯೇ ಅವನ ಮಾಡು, ಅದೇ ಗೋಡೆ. ಹೆಂಡತಿ ಹೆತ್ತರೆ ಅದನ್ನು ಕೋಲಿಗೆ ಇಳಿಬಿಟ್ಟು ಮಾಡಿದ ಕೊಪ್ಪೆಯೊಳಗೇ ಬಾಣಂತನ.

ಆ ಊರಿನಲ್ಲಿ ಒಂದು ಪದ್ಧತಿ ಇತ್ತು. ಮಳೆಗಾಲಕ್ಕೆ ಮುಂಚೆ ಕುರಿಗಾಹಿಗಳು ಬಂದಾಗ ನಾಲ್ವರು ಕಂಬಳಿಯ ನಾಲ್ಕು ಮೂಲೆ ಹಿಡಿದು ನಿಲ್ಲುತ್ತಿದ್ದರು. ನಡುವೆ ಒಂದು ಕೊಡ ನೀರು ಸುರಿಯುತ್ತಿದ್ದರು. ಕಂಬಳಿ ಜೋಳಿಗೆಯಂತೆ ತೂಗುತ್ತಿತ್ತು. ಒಂದು ಎಲೆಅಡಿಕೆ ಅಗಿದು ಮುಗಿಸುವಷ್ಟು ಹೊತ್ತು ಕಾಯುತ್ತಿದ್ದರು. ಕೆಳಗೆ ಕೈಯಾಡಿಸಿದಾಗ ಒಣಗಿದ್ದರೆ ಕೊಳ್ಳುತ್ತಿದ್ದರು. ಹನಿ ಬಿದ್ದರೆ ನೇಕಾರನೇ ಕಂಬಳಿಯನ್ನು ಹಿಂಡಿ, ಹೆಗಲ ಮೇಲೆ ಹಾಕಿಕೊಂಡು ಮನೆಗೆ ಹೋಗುತ್ತಿದ್ದ.

ಈ ಪದ್ಧತಿಯಲ್ಲಿ ತಕರಾರು ಇದ್ದೇ ಇತ್ತು. ಒಬ್ಬನ ಕೊಡ ದೊಡ್ಡದು, ಇನ್ನೊಬ್ಬನದು ಚಿಕ್ಕದು. ಒಬ್ಬ ಬೇಗ ಅಗಿಯುವವನು, ಇನ್ನೊಬ್ಬನಿಗೆ ಹಲ್ಲೇ ಇಲ್ಲ. ಬೆಳಿಗ್ಗೆ ಗೆದ್ದ ಕಂಬಳಿ ಮಧ್ಯಾಹ್ನ ಸೋಲುತ್ತಿತ್ತು. "ನನ್ನ ಕಂಬಳಿಗೆ ಎಮ್ಮೆ ಮೀಯಿಸುವಷ್ಟು ನೀರು ಹುಯ್ದ, ಭಾವನ ಕಂಬಳಿಗೆ ತೀರ್ಥ ಬಿಟ್ಟ" ಎಂದು ಒಬ್ಬ ಕೂಗಾಡಿದರೆ ಅದರಲ್ಲಿ ಸುಳ್ಳಿರಲಿಲ್ಲ. ಜಗಳ ಬೆಳೆದು ದೂರು ಸಂಸ್ಥಾನದವರೆಗೆ ಹೋಯಿತು. ಸಂಸ್ಥಾನದಿಂದ ಒಬ್ಬ ಪರೀಕ್ಷಕ ಬಂದ.

ಪರೀಕ್ಷಕ ಪ್ರಾಮಾಣಿಕ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಯಾರ ಮನೆಯಲ್ಲೂ ಒಂದು ಲೋಟ ಮಜ್ಜಿಗೆ ಕುಡಿಯಲಿಲ್ಲ. ಯಾರ ಮುಲಾಜಿಗೂ ಬೀಳಲಿಲ್ಲ. ಕೆಟ್ಟವನೊಬ್ಬ ಮಾಡಿದ ಅನ್ಯಾಯವೆಂದು ನೀನು ಇದನ್ನು ಕೇಳಿ ಮರೆತುಬಿಡುವುದು ನನಗೆ ಬೇಡ.

ಅವನು ಊರವರನ್ನು ಕೇಳಿ ಎಲ್ಲರೂ ಒಪ್ಪುವ ಹತ್ತು ಒಳ್ಳೆಯ ಕಂಬಳಿ ತರಿಸಿದ. ತೂಗಿದ. ಹತ್ತೂ ಭಾರವಾಗಿದ್ದವು. ಹತ್ತು ಕೆಟ್ಟ ಕಂಬಳಿ ತರಿಸಿದ. ಅವು ಹಗುರವಾಗಿದ್ದವು. ಒತ್ತಾಗಿ ನೇಯ್ದರೆ ಉಣ್ಣೆ ಹೆಚ್ಚು ಹಿಡಿಯುತ್ತದೆ, ಉಣ್ಣೆ ಹೆಚ್ಚಿದರೆ ತೂಕ ಹೆಚ್ಚುತ್ತದೆ, ಆದ್ದರಿಂದ ಭಾರದ ಕಂಬಳಿಯೇ ಒಳ್ಳೆಯ ಕಂಬಳಿ ಎಂದು ತೀರ್ಮಾನಿಸಿದ. ಒಂದು ಕಲ್ಲು ಕಡಿಸಿ ತಕ್ಕಡಿಯ ಒಂದು ತಟ್ಟೆಗೆ ಇಟ್ಟ. ಕಂಬಳಿ ಕಲ್ಲನ್ನು ಎತ್ತಿದರೆ ಮೂಲೆಗೆ ಕೆಂಪು ಮುದ್ರೆ. ಎತ್ತದಿದ್ದರೆ ಇಲ್ಲ. ಮುದ್ರೆ ಇಲ್ಲದ ಕಂಬಳಿಯನ್ನು ಯಾರೂ ಮಾರಬಾರದು, ಯಾವ ಮಂದೆಯವರೂ ಇಟ್ಟುಕೊಳ್ಳಬಾರದು. ಮೂರು ವರ್ಷ ಮೂರು ಸಲ ಸೋತ ನೇಕಾರ, ಕಾಲು ಇಳಿಬಿಟ್ಟು ಕೂತು ನೇಯುವ ತನ್ನ ಮಗ್ಗದ ಗುಂಡಿಯನ್ನು ತಾನೇ ಮುಚ್ಚಬೇಕು.

ಊರು ಒಪ್ಪಿತು. ಒಂದೇ ಕಂಬಳಿಯನ್ನು ಮೂವರು ತೂಗಿದರು, ಬೆಳಿಗ್ಗೆ ತೂಗಿದರು, ಸಂಜೆ ತೂಗಿದರು. ಮುಳ್ಳು ಅಲುಗಲಿಲ್ಲ. ಹಲ್ಲಿಲ್ಲದವನ ಕೈಯಲ್ಲೂ ಅದೇ ತೂಕ. ಜಗಳ ನಿಂತುಹೋಯಿತು.

ಒಬ್ಬನೇ ಒಬ್ಬ ಎದ್ದು ನಿಂತ. ಅವನೊಬ್ಬ ಮುದುಕ ನೇಕಾರ.

"ಸ್ವಾಮಿ, ಕೊಡ ಒಂದೇ ಅಳತೆಯದು ಮಾಡಿಸಿ. ಹೊತ್ತು ನೋಡುವುದಕ್ಕೂ ಒಂದು ಗೊತ್ತು ಮಾಡಿ. ನೀರನ್ನು ಮಾತ್ರ ಬಿಡಬೇಡಿ."

"ಊರಿನ ಕಂಬಳಿಗೆಲ್ಲ ನೀರು ಹಾಕಿ ಅಷ್ಟು ಹೊತ್ತು ಯಾರು ಕೂರುತ್ತಾರೆ, ಅಜ್ಜ?" ಎಂದ ಪರೀಕ್ಷಕ.

ಜನ ನಕ್ಕರು. ಅಜ್ಜ ಕೂತ.

ಮೊದಲ ವರ್ಷ, ಒಂದು ಕಂಬಳಿಯ ಹೊರತು, ತಕ್ಕಡಿ ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಎರಡನೆಯ ವರ್ಷ ಒಬ್ಬನಿಗೆ ಒಂದು ದಾರಿ ಹೊಳೆಯಿತು. ಹಾಸಿನ ನೂಲು ಗಟ್ಟಿಯಾಗಲೆಂದು ಕಂಬಳಿ ನೇಕಾರರು ಹುಣಸೆಬೀಜದ ಗಂಜಿ ಹಚ್ಚುತ್ತಾರೆ. ಅದು ಅವರ ಕಸುಬಿನಲ್ಲಿ ಮೊದಲಿನಿಂದ ಇರುವ ಕೆಲಸ. ಇವನು ಸಡಿಲವಾಗಿ ನೇಯ್ದು ಮುಗಿಸಿದ ಕಂಬಳಿಗೆ ಮತ್ತೆ ಎರಡು ಸಲ ಮಂದವಾಗಿ ಗಂಜಿ ಬಳಿದು ಬಿಸಿಲಿಗೆ ಒಣಗಿಸಿದ. ತೂಕ ಏರಿತು. ಒಂದು ಕಂಬಳಿಗೆ ಬೇಕಾದ ಉಣ್ಣೆಯಲ್ಲಿ ಕಾಲುಭಾಗ ಉಳಿಯಿತು. ಮುದ್ರೆ ಬಿತ್ತು.

ಇದು ಗುಟ್ಟಾಗಿ ಎಷ್ಟು ದಿನ ಉಳಿದೀತು? ಮೂರನೆಯ ವರ್ಷದ ಹೊತ್ತಿಗೆ ಊರಿನಲ್ಲಿ ಹುಣಸೆಬೀಜ ಸಿಗುವುದೇ ಕಷ್ಟವಾಯಿತು. ಎಲ್ಲರ ಕಂಬಳಿಯೂ ಹಲಗೆಯಂತೆ ನಿಲ್ಲುತ್ತಿತ್ತು. ಎಲ್ಲದರ ಮೂಲೆಯಲ್ಲೂ ಕೆಂಪು ಮುದ್ರೆ ಇತ್ತು. ಹಿಂದೆಂದೂ ಇಷ್ಟು ಒಳ್ಳೆಯ ಕಂಬಳಿ ಈ ಊರಿನಲ್ಲಿ ಆಗಿರಲಿಲ್ಲವೆಂದು ಪರೀಕ್ಷಕ ಸಂಸ್ಥಾನಕ್ಕೆ ಬರೆದ. ಬರೆದದ್ದಕ್ಕೆ ಅವನ ಬಳಿ ಆಧಾರವಿತ್ತು. ತೂಕದ ಪಟ್ಟಿಯೇ ಇತ್ತು.

ಮೊದಲ ಎರಡು ವರ್ಷ ಮಳೆ ಕಡಿಮೆ. ಆದರೂ ಕೆಲವು ಕುರಿಗಾಹಿಗಳು ಬಂದು, ಕಂಬಳಿ ತೇವಕ್ಕೆ ಲೋಳೆಯಾಗುತ್ತದೆ ಎಂದರು. ಪರೀಕ್ಷಕ ಕೇಳಿಸಿಕೊಂಡ. ಒಬ್ಬ ಲೋಳೆ ಎಂದ, ಇನ್ನೊಬ್ಬ ಜಾರುತ್ತದೆ ಎಂದ, ಮತ್ತೊಬ್ಬ ವಾಸನೆ ಎಂದ. "ಒಬ್ಬರ ಮಾತಿನಂತೆ ಇನ್ನೊಬ್ಬರ ಮಾತಿಲ್ಲ. ಇಂಥದ್ದನ್ನು ಲೆಕ್ಕಕ್ಕೆ ಹಿಡಿಯಲಾಗುವುದಿಲ್ಲ" ಎಂದು ಕಳಿಸಿದ.

ಮುದುಕ ನೇಕಾರ ಮಾತ್ರ ಗಂಜಿ ಬಳಿಯಲಿಲ್ಲ. ಅವನು ಮರಿಗಳ ಮೊದಲ ಕತ್ತರಿಯ ಉಣ್ಣೆಯನ್ನೇ ಆರಿಸುತ್ತಿದ್ದ. ಅದು ಸಣ್ಣ ಎಳೆ, ಮೆತ್ತಗಿನ ಎಳೆ. ಅವನ ಹೆಂಡತಿ ಅದನ್ನು ಕೂದಲಿನಷ್ಟು ತೆಳುವಾಗಿ ನೂಲುತ್ತಿದ್ದಳು. ಅವನು ಅದನ್ನು ಒತ್ತಿ ಒತ್ತಿ ನೇಯುತ್ತಿದ್ದ. ನೀರು ಹಾಕಿದರೆ ಬೆಳಗಿನಿಂದ ಬೈಗಿನವರೆಗೆ ನಿಲ್ಲುತ್ತಿತ್ತು. ತೂಕ ಮಾತ್ರ ಕಡಿಮೆ. ಮೊದಲ ವರ್ಷ ಅವನು ಸೋತ. ಎರಡನೆಯ ವರ್ಷವೂ ಸೋತ.

ಎರಡನೆಯ ಸಲ ಸೋತಾಗ ಅವನ ಹೆಂಡತಿಯೂ ಜೊತೆಗಿದ್ದಳು.

"ಅಮ್ಮಾ, ನಾನು ನಿಮ್ಮ ಕಂಬಳಿ ಕೆಟ್ಟದ್ದೆಂದು ಹೇಳುತ್ತಿಲ್ಲ. ತಕ್ಕಡಿ ಹೇಳುತ್ತಿದೆ. ತಕ್ಕಡಿಗೆ ನಿಮ್ಮ ಮೇಲೇನು ಹಗೆಯೇ?" ಎಂದ ಪರೀಕ್ಷಕ.

"ಹಗೆ ಇಲ್ಲ ಸ್ವಾಮಿ. ಚಳಿಯೂ ಇಲ್ಲ" ಎಂದಳು ಅವಳು. "ಒಂದು ಮಳೆಗಾಲ ಆ ತಕ್ಕಡಿಯನ್ನೇ ಹೊದ್ದುಕೊಂಡು ಬಯಲಲ್ಲಿದ್ದು ಬನ್ನಿ. ಆಮೇಲೆ ನಿಮ್ಮ ಮಾತು ಕೇಳುತ್ತೇವೆ."

ಪರೀಕ್ಷಕ ನಕ್ಕ. ಅವನಿಗೆ ಸಿಟ್ಟು ಬರಲಿಲ್ಲ. ತಾನು ಸರಿಯಾಗಿ ತೂಗಿದ್ದೇನೆಂದು ಗೊತ್ತಿದ್ದವನಿಗೆ ಸಿಟ್ಟು ಯಾಕೆ ಬರುತ್ತದೆ?

ಆ ಗಂಡಹೆಂಡತಿಗೆ ಒಬ್ಬಳೇ ಮಗಳು. ಅವಳನ್ನು ಒಬ್ಬ ಕುರಿಗಾಹಿಗೆ ಕೊಟ್ಟಿದ್ದರು. ಮೂರನೆಯ ವರ್ಷ ಅವಳು ತುಂಬಿದ ಬಸುರಿ. ಮಳೆಗಾಲದ ನಡುವೆ ಹೆರಿಗೆಯಾಗಬೇಕಿತ್ತು. ಮೊದಲ ಬಾಣಂತನಕ್ಕೆ ತವರಿನ ಕಂಬಳಿ ಹೋಗಬೇಕು. ಮುದುಕ ಆ ವರ್ಷ ಒಂದೇ ಕಂಬಳಿ ನೇಯ್ದ. ಪರೀಕ್ಷೆಗೂ ಅದೇ, ಮಗಳಿಗೂ ಅದೇ.

ನೆರೆಯವನು ಬಂದು ಹೇಳಿದ. "ಮಾವ, ಹಟ ಯಾಕೆ? ನಮ್ಮ ಹಂಡೆಯಲ್ಲಿ ಗಂಜಿ ಉಳಿದಿದೆ. ಎರಡು ಕೈ ಬಳಿ. ಗುಂಡಿ ಉಳಿಯುತ್ತದೆ."

"ಇದರೊಳಗೆ ನನ್ನ ಮೊಮ್ಮಗು ಮಲಗಬೇಕಪ್ಪ."

"ತೂಕ ಮುಗಿದ ಮೇಲೆ ತೊಳೆದುಬಿಡು."

"ತೊಳೆದರೆ ಹೋಗುವುದನ್ನು ಹಚ್ಚಿ ಗೆಲ್ಲುವುದಾದರೆ, ಮೊದಲೇ ಗುಂಡಿ ಮುಚ್ಚುವುದು ವಾಸಿ" ಎಂದ ಮುದುಕ.

ಅವನು ಹಾಗೆಯೇ ತಂದ ಕಂಬಳಿಯನ್ನು ಮೂವರು ತೂಗಿದರು. ಕಲ್ಲು ಏಳಲಿಲ್ಲ. ಮುದುಕನ ಕೋರಿಕೆಯಂತೆ ಮರುದಿನ ಬೆಳಿಗ್ಗೆ ಮತ್ತೆ ತೂಗಿದರು. ಆಗಲೂ ಏಳಲಿಲ್ಲ. ಪರೀಕ್ಷೆಯಲ್ಲಿ ಒಂದು ಕೂದಲೆಳೆಯಷ್ಟೂ ವ್ಯತ್ಯಾಸವಿರಲಿಲ್ಲ.

ಮುದುಕ ಮನೆಗೆ ಬಂದು ಮಗ್ಗದ ಗುಂಡಿಗೆ ಮಣ್ಣು ತುಂಬಿದ. ಅವನ ಅಪ್ಪ ತೋಡಿದ ಗುಂಡಿ ಅದು. ಕಾಲಿಟ್ಟು ಕೂತು ಕೂತು ಅದರ ಅಂಚು ನುಣ್ಣಗಾಗಿತ್ತು. ಊರವರು ಬಾಗಿಲಲ್ಲಿ ನಿಂತಿದ್ದರು.

"ನೋಡಲು ಬಂದಿರಾ, ಇಲ್ಲ ಒಂದೊಂದು ಬುಟ್ಟಿ ಹಾಕಿ ಹೋಗುತ್ತೀರಾ?" ಎಂದು ಅವನ ಹೆಂಡತಿ ಕೇಳಿದಳು. ಅವರು ಚದುರಿದರು. ಅವರಲ್ಲಿ ಒಬ್ಬನಿಗೂ ಆ ಕಂಬಳಿಯ ಬೆಲೆ ಗೊತ್ತಿರಲಿಲ್ಲ ಎಂದುಕೊಳ್ಳಬೇಡ. ಎಲ್ಲರೂ ನೇಕಾರರೇ. ಎಲ್ಲರ ಬೆರಳಿಗೂ ಗೊತ್ತಿತ್ತು.

ಮಗಳು ಕಂಬಳಿಯನ್ನು ತೆಗೆದುಕೊಂಡಳು. ಮುದ್ರೆ ಇಲ್ಲದ ಮೂಲೆಯನ್ನು ಒಳಗೆ ಮಡಚಿ, ಯಾರಿಗೂ ಕಾಣದಂತೆ ಗಂಟು ಕಟ್ಟಿ, ಗಂಡನ ಹಿಂದೆ ಮಂದೆಯೊಂದಿಗೆ ಹೋದಳು.

ಆ ವರ್ಷ ಮಳೆ ಹಿಡಿಯಿತು. ಎಂಟು ದಿನ ಬಿಡಲಿಲ್ಲ. ಮಂದೆ ಬಯಲಲ್ಲಿತ್ತು. ಹತ್ತಿರ ಒಂದು ಗುಡಿಯಿಲ್ಲ, ಮರವಿಲ್ಲ. ಮೊದಲ ದಿನವೇ ಕಂಬಳಿಗಳ ಗಂಜಿ ಕರಗಿ ಮೈಮೇಲೆ ಇಳಿಯಿತು. ಎರಡನೆಯ ದಿನ ಉಣ್ಣೆಯ ಎಳೆಗಳ ನಡುವೆ ಬೆರಳು ತೂರುವಂತಾಯಿತು. ನೀರು ಕುಡಿದ ಕಂಬಳಿಗಳು ಮೊದಲಿಗಿಂತ ಎರಡು ಪಟ್ಟು ಭಾರವಾದವು. ಆಗ ತೂಗಿದ್ದರೆ ಇನ್ನೂ ದೊಡ್ಡ ಕಲ್ಲು ಬೇಕಾಗುತ್ತಿತ್ತು.

ಮೂರನೆಯ ದಿನ ನೇಕಾರನ ಮಗಳು ಹೆತ್ತಳು. ಅವಳ ಕೊಪ್ಪೆಯೊಳಗೆ ಮಾತ್ರ ನೀರಿಳಿಯಲಿಲ್ಲ. ಮಂದೆಯಲ್ಲಿ ಇನ್ನೂ ಎರಡು ಹಾಲುಗೂಸುಗಳಿದ್ದವು. ಅವುಗಳನ್ನೂ ಅವಳ ಪಕ್ಕಕ್ಕೆ ಹಾಕಿದರು. ಮೂರು ಕೂಸು, ಒಬ್ಬಳು ಬಾಣಂತಿ. ಒಂದು ಕಂಬಳಿಯಲ್ಲಿ ಮತ್ತೆಷ್ಟು ಜನ ಹಿಡಿಯುತ್ತಾರೆ? ಅವಳ ಗಂಡ ಹೊರಗೆ ಗಾಳಿಗೆ ಬೆನ್ನು ಕೊಟ್ಟು ಕೂತ. ಅವನ ಮೈಮೇಲೆ ಮುದ್ರೆಯ ಕಂಬಳಿ ಇತ್ತು. ಆರನೆಯ ದಿನ ಇಬ್ಬರು ಮುದುಕರು ಏಳಲಿಲ್ಲ. ಏಳನೆಯ ದಿನ ಅವಳ ಗಂಡ ಏಳಲಿಲ್ಲ. ಸತ್ತ ಕುರಿಮರಿಗಳನ್ನು ಎಣಿಸುವ ಕೆಲಸಕ್ಕೆ ಯಾರೂ ಹೋಗಲಿಲ್ಲ.

ಮಳೆ ನಿಂತ ಮೇಲೆ ಮಂದೆಯ ಹಿರಿಯ ಆ ಊರಿಗೆ ಬಂದ. ಜೊತೆಯಲ್ಲಿ ನೇಕಾರನ ಮಗಳು, ಅವಳ ಕೂಸು. ಹಿರಿಯ ಪರೀಕ್ಷಕನ ಮುಂದೆ ಸತ್ತವರ ಮೂರು ಕಂಬಳಿ ಹಾಕಿದ. ಪಕ್ಕದಲ್ಲಿ ಮುದುಕನ ಕಂಬಳಿ ಹಾಕಿದ.

"ಸ್ವಾಮಿ, ಇವು ನೀವು ಒಳ್ಳೆಯವು ಎಂದದ್ದು. ಇದು ನೀವು ಬೇಡ ಎಂದದ್ದು. ನಾಲ್ಕಕ್ಕೂ ಒಂದೊಂದು ಕೊಡ ನೀರು ಹಾಕಿ. ನನ್ನ ಮಾತು ನಂಬಬೇಡಿ, ನೀವೇ ನೋಡಿ."

ಪರೀಕ್ಷಕನಿಗೆ ನಿಜವಾಗಿಯೂ ದುಃಖವಾಗಿತ್ತು. ಅವನ ಕಣ್ಣು ಒದ್ದೆಯಾಯಿತು ಎಂದೂ ಹೇಳುತ್ತಾರೆ. ಆದರೆ ನೀರು ತರಿಸಲಿಲ್ಲ.

"ನೀರಿನ ಪರೀಕ್ಷೆ ಒಂದೊಂದು ಸಲ ಒಂದೊಂದು ಹೇಳುತ್ತದೆ ಎಂದೇ ಅದನ್ನು ಬಿಟ್ಟದ್ದು" ಎಂದ.

ತಕ್ಕಡಿ ತರಿಸಿದ. ಮುದುಕನ ಕಂಬಳಿಯನ್ನು ತೂಗಿದ. ಕಲ್ಲು ಏಳಲಿಲ್ಲ. ಮೊದಲು ಎಷ್ಟು ಕಡಿಮೆ ಇತ್ತೋ ಅಷ್ಟೇ ಕಡಿಮೆ ಇತ್ತು. ಅವನು ಅದನ್ನು ಎಲ್ಲರಿಗೂ ತೋರಿಸಿದ. ಆಮೇಲೆ ಸತ್ತವರ ಕಂಬಳಿಗಳನ್ನು ತೂಗಿದ. ಗಂಜಿ ತೊಳೆದುಹೋಗಿ ಅವು ಹಗುರವಾಗಿದ್ದವು. "ಮುದ್ರೆ ಹಾಕಿದಾಗ ಇವು ಸರಿಯಾಗಿದ್ದವು. ಬಳಸುವವರು ಹಾಳು ಮಾಡಿಕೊಂಡಿದ್ದಾರೆ" ಎಂದು ಬರೆಸಿದ.

ಮುದುಕನ ಕಂಬಳಿಯನ್ನು ಮಡಚುವಾಗ ಪರೀಕ್ಷಕನ ಕೈ ಮೂಲೆಯ ಮೇಲೆ ನಿಂತಿತು. "ಮುದ್ರೆಯಿಲ್ಲದ ಕಂಬಳಿ ಮಂದೆಯೊಳಗೆ ಹೇಗೆ ಬಂತು?" ಎಂದು ಕೇಳಿದ.

ನೇಕಾರನ ಮಗಳು ಕೂಸನ್ನು ಇನ್ನೊಂದು ಹೆಗಲಿಗೆ ಹಾಕಿಕೊಂಡಳು.

"ಮುದ್ರೆ ಇದ್ದದ್ದು ನನ್ನ ಗಂಡನ ಮೇಲಿತ್ತು, ಸ್ವಾಮಿ" ಎಂದಳು.

ಪರೀಕ್ಷಕ ತಲೆ ತಗ್ಗಿಸಿದ. ಅವಳಿಗೆ ದಂಡ ಹಾಕಲಿಲ್ಲ. ಅವನು ಅಷ್ಟು ದಯಾವಂತ.

ಮಂದೆಯ ಹಿರಿಯ ಇನ್ನೊಂದು ಕೇಳಿದ. "ಹೋದವರು ಹೋದರು. ಆ ಮುದುಕನ ಗುಂಡಿಯ ಮಣ್ಣನ್ನಾದರೂ ತೆಗೆಸಿ. ಮುಂದಿನ ಮಳೆಗೆ ನಮಗೆ ಅವನ ಕಂಬಳಿ ಬೇಕು."

"ಮೂರು ಸಲ ಸೋತವನು ಅವನು. ಒಂದು ಸಲವಾದರೆ ತಕ್ಕಡಿ ತಪ್ಪಿತು ಎನ್ನಬಹುದಿತ್ತು. ಮೂರೂ ಸಲ ತಪ್ಪುವುದುಂಟೇ?" ಎಂದ ಪರೀಕ್ಷಕ.

ಆದರೂ ಅವನಿಗೆ ಸಮಾಧಾನವಾಗಲಿಲ್ಲ. ಎಲ್ಲೋ ಏನೋ ಕೊರತೆಯಿದೆ ಎಂದು ಅನಿಸಿತು. ಅವನು ಒಂದು ವಾರ ಯೋಚಿಸಿದ. ಸಂಸ್ಥಾನಕ್ಕೆ ಬರೆದು ಒಂದು ಹೊಸ ತಕ್ಕಡಿ ತರಿಸಿದ. ಅದರ ತಟ್ಟೆಗೆ ಸಾಸಿವೆ ಬಿದ್ದರೂ ಮುಳ್ಳು ಅಲುಗುತ್ತಿತ್ತು. ಮೂವರ ಬದಲು ಐವರು ತೂಗಬೇಕೆಂದು ಮಾಡಿದ. ಮೂರು ಸಲದ ಬದಲು ಏಳು ಸಲ ತೂಗಿಸಿದ. ಇಷ್ಟು ನಿಖರವಾದ ಪರೀಕ್ಷೆ ಸುತ್ತಮುತ್ತಲಿನ ಯಾವ ಸೀಮೆಯಲ್ಲೂ ಇಲ್ಲವೆಂದು ಎಲ್ಲರೂ ಹೊಗಳಿದರು.

ಮುದುಕನ ಮನೆಯಲ್ಲಿ ಗುಂಡಿ ಇದ್ದ ಜಾಗವನ್ನು ಅವನ ಹೆಂಡತಿ ಸಗಣಿ ಹಾಕಿ ಸಾರಿಸಿದಳು. ಮಗಳು ಕೂಸಿನೊಂದಿಗೆ ಅಲ್ಲೇ ಉಳಿದಳು. ಮುದುಕ ಹುಣಸೆಬೀಜ ಹುರಿದು ಬೀಸುವ ಕೂಲಿಗೆ ಹೋದ. ಊರಿನಲ್ಲಿ ಬೇರೆ ಕೆಲಸ ಇರಲಿಲ್ಲ.

ಗುರು ಇಲ್ಲಿಗೆ ನಿಲ್ಲಿಸಿದರು.

ಶಿಷ್ಯ ಕೇಳಿದ.

"ಗುರುಗಳೇ, ಆ ಪರೀಕ್ಷಕನ ಮನಸ್ಸಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಕಂಬಳಿ ಇರುವುದು ಮಳೆಗೆ ಎಂಬುದು ಅವನ ಗಮನಕ್ಕೆ ಬರಲಿಲ್ಲ, ಅಷ್ಟೇ ಅಲ್ಲವೇ?"

ಗುರು ಹೇಳಿದರು: "ಮಳೆ ಬರುತ್ತದೆಂದು ಅವನಿಗೆ ಗೊತ್ತಿತ್ತು, ನೆನೆಯುವವನು ತಾನಲ್ಲವೆಂಬುದೂ ಗೊತ್ತಿತ್ತು."